ಜಡ್ಜ್ ಸಾಹೇಬರಿಗೆ ಹೆದರಿದ ಜೀರುಂಡೆಗಳು

ರಿಟೈರಾದ ಜಡ್ಜ್ ವೆಂಕೋಬರಾಯರ ಮಧ್ಯಾಹ್ನದ ನಿದ್ದೆ ಕೆಟ್ಟಿತು. ರಾಯರ ಹೆಂಡತಿ ಸಾಕಿದ ಮೈನಾ ಹಕ್ಕಿಗೆ ತಿನ್ನಿಸಲೆಂದು ಕೆಲಸದ ಚಿಕ್ಕತಾಯಮ್ಮ ಹಿತ್ತಿಲ ಜಗಲಿಯಲ್ಲಿ ಒಂದು ಡಬ್ಬದ ತುಂಬ ಜೀರುಂಡೆ ಬೆಳೆಸಿದ್ದಳು. ಅವು ಒಂದೇ ಸಮ ಕಿರ್ರೆನ್ನುತ್ತಿದ್ದವು.

"ಇವತ್ತೇ ಇವುಗಳ ಸದ್ದು ನಿಲ್ಲಿಸು. ಇಲ್ಲದಿದ್ದರೆ ಡಬ್ಬವೂ ಹೊರಗೆ, ನೀನೂ ಹೊರಗೆ!"

ಕೆಲಸ ಹೋದರೆ ಗತಿಯೇನು? ಚಿಕ್ಕತಾಯಮ್ಮ ಕೈ ಮುಗಿದಳು. "ನನ್ನ ಮಾತು ಅವು ಎಲ್ಲಿ ಕೇಳ್ತವೆ ಬುದ್ಧಿ? ತಾವೇ ಬಂದು ಒಂದು ಮಾತು ಹೇಳಿ."

ರಾಯರು ಕೋರ್ಟಿನ ಕಾಲದ ಬೂಟು ಏರಿಸಿಕೊಂಡು ದಡದಡ ಬಂದರು. "ಸೈಲೆನ್ಸ್!"

ಡಬ್ಬ ಗಪ್‌ಚಿಪ್. ರಾಯರು ಬೀಗುತ್ತ ಒಳಗೆ ಹೋದರು. ಮತ್ತೆ ಕಿರ್ರ್!

"ತಾವು ಎದುರಿಗಿದ್ರೆ ಮಾತ್ರ ಭಯ ಬುದ್ಧಿ. ಇಲ್ಲೇ ಕುರ್ಚಿ ಹಾಕ್ಲಾ?"

ಮೂರು ದಿನ ರಾಯರು ನಿದ್ದೆ ಬಿಟ್ಟು ಜಗಲಿ ಕಾದರು. ಕಿರ್ರೆಂದಾಗಲೆಲ್ಲ ಎದ್ದು ಒಂದು ಸುತ್ತು ನಡೆದರು. ಆದರೆ ಒಂದು ಕುತೂಹಲ ಅವರನ್ನು ಕೊರೆಯತೊಡಗಿತು: ಇಷ್ಟು ಚಿಕ್ಕ ಹುಳ ಅಷ್ಟು ಸದ್ದು ಮಾಡುವುದಾದರೂ ಹೇಗೆ?

ನಾಲ್ಕನೆಯ ದಿನ ಕಾಲು ಊದಿತ್ತು. ಬೂಟು ಕಳಚಿಟ್ಟು, ಬರಿಗಾಲಲ್ಲಿ ಮೆಲ್ಲಗೆ ಹೋಗಿ ಡಬ್ಬದೊಳಗೆ ಇಣುಕಿದರು. ಒಂದು ಗಂಡು ಜೀರುಂಡೆ ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುತ್ತಿತ್ತು. ರಾಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ಇದೇನೇ, ಇವತ್ತು ಇವಕ್ಕೆ ಭಯವೇ ಇಲ್ಲ?"

"ನೆಲ ಅದುರಿದ್ರೆ ಮಾತ್ರ ಅವು ಸುಮ್ಮನಾಗೋದು ಬುದ್ಧಿ."

"ಹಾಗಾದರೆ ಇಷ್ಟು ದಿನ ಹೆದರಿದ್ದು?"

"ಬೂಟಿಗೆ."

ರಾಯರು ಕಳಚಿಟ್ಟ ಬೂಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಜೀರುಂಡೆಗಳಿಗೆಂದು ಅವಳು ಹೆಚ್ಚಿಟ್ಟಿದ್ದ ಒಂದು ಕ್ಯಾರೆಟ್ ಚೂರನ್ನು ಡಬ್ಬದೊಳಗೆ ಹಾಕಿದರು.

"ಇವು ಇಲ್ಲೇ ಇರಲಿ. ಬೂಟಿನ ವಿಷಯ ಅಮ್ಮಾವ್ರಿಗೆ ಮಾತ್ರ ಹೇಳಬೇಡ."