ಬೆಚ್ಚಗಿದ್ದ ಉಗ್ರಾಣ

“ಸರ್, ಅಂಜಿಕಿ ಪೂರ್ತಿ ಹೋಗೂ ಹಂಗ ಏನರ ದಾರಿ ಐತೇನ್ರಿ?”

ಕೇಳಿದವಳು ನೀಲಾಂಬಿಕೆ. ಹುಬ್ಬಳ್ಳಿಯ ಒಂದು ಬಿಸಿನೆಸ್ ಕಾಲೇಜಿನಲ್ಲಿ ಬಿ.ಬಿ.ಎ. ಕೊನೆಯ ವರ್ಷ, ವಿಷಯ ಫೈನಾನ್ಸ್. ರಿಸ್ಕ್ ಪೇಪರಿನಲ್ಲಿ ತರಗತಿಗೇ ಮೊದಲು ಬಂದವಳು. ಆ ಪೇಪರನ್ನು ಅವಳಿಗೆ ಕಲಿಸಿದವರು ಎದುರಿಗೆ ಕೂತಿದ್ದ ಜಿನದತ್ತ ಮೇಷ್ಟ್ರು. ಪರೀಕ್ಷೆಯಲ್ಲಿ ರಿಸ್ಕಿಗೆ ಸೂತ್ರ ಬರೆದರೆ ಅಂಕ ಸಿಗುತ್ತದೆ. ಅದೇ ರಿಸ್ಕು ಹೊಟ್ಟೆಯೊಳಗೆ ಬಂದು ಕೂತರೆ ಏನು ಮಾಡಬೇಕೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಕಾಲೇಜಿನ ಹುಡುಗ ಹುಡುಗಿಯರು ತಂತಮ್ಮ ಕೈಯಿಂದ ಹಣ ಹಾಕಿ ಒಂದು ಫಂಡು ನಡೆಸುತ್ತಿದ್ದರು. ಷೇರು ಕೊಳ್ಳುವುದನ್ನು ಕಲಿಯಲಿಕ್ಕೆ. ಕೊನೆಯ ವರ್ಷದವರು ಹೊರಡುವಾಗ ಅದನ್ನು ಕಿರಿಯರಿಗೆ ಒಪ್ಪಿಸಬೇಕು. ಕೊಂಡ ಬೆಲೆಯನ್ನೇ ಕಿರಿಯರು ಕೊಡುತ್ತಾರೆ. ಲಾಭ ನಷ್ಟದ ಜಗಳ ಬೇಡವೆಂದು ಹಿಂದಿನವರು ಯಾರೋ ಮಾಡಿಟ್ಟ ಪದ್ಧತಿ ಅದು.

ಈ ಸಲ ನೀಲಾಂಬಿಕೆಯ ಮಾತು ನಂಬಿ ಎಲ್ಲರೂ ಒಂದೇ ಚಿಕ್ಕ ಕಂಪನಿಯ ಷೇರಿಗೆ ಹಣ ಸುರಿದಿದ್ದರು. ಮೊನ್ನೆ ಅವಳು ಕಾರ್ಖಾನೆಯನ್ನೊಮ್ಮೆ ನೋಡಿಬರೋಣವೆಂದು ಬಸ್ಸು ಹತ್ತಿ ಹೋದಳು. ಗೇಟಿಗೆ ಬೀಗ. ರಸ್ತೆ ಬದಿಯ ಕಿಟಕಿಯಿಂದ ಇಣುಕಿದರೆ ಒಳಗೆ ಬರೀ ನೆಲ, ಒಂದು ಯಂತ್ರವೂ ಇಲ್ಲ. ಆ ಸಂಗತಿ ಷೇರು ಪೇಟೆಗೆ ಇನ್ನೂ ಗೊತ್ತಿರಲಿಲ್ಲ, ಬೆಲೆ ಇನ್ನೂ ಬಿದ್ದಿರಲಿಲ್ಲ. ಅವಳೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅಂದಿನಿಂದ ಫೋನು ಸದ್ದು ಮಾಡಿದರೆ ಸಾಕು, ಬೆಲೆ ಬಿತ್ತೇನೋ ಎಂದು ತೆಗೆದು ನೋಡುತ್ತಾಳೆ.

ಇದನ್ನೆಲ್ಲ ಅವಳು ಮೇಷ್ಟ್ರಿಗೂ ಹೇಳಲಿಲ್ಲ. “ನಾಳೆ ಫಂಡು ಜೂನಿಯರ್ಸ್‌ಗೆ ಕೊಡೂದೈತ್ರಿ. ಕೊಟ್ಟ ಮ್ಯಾಲ ಆರಾಮ ಆಗಬಹುದು ಅನಸ್ತೈತಿ,” ಎಂದಷ್ಟೇ ಹೇಳಿದಳು.

ಏತರ ಅಂಜಿಕೆ ಎಂದು ಮೇಷ್ಟ್ರು ಕೇಳಲಿಲ್ಲ. ಕನ್ನಡಕ ತೆಗೆದಿಟ್ಟು ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಉಗ್ರಾಣದ ತುಂಬ ಹತ್ತಿಯ ಅಂಡಿಗೆಗಳು, ಬಿಗಿದು ಕಟ್ಟಿದ ದೊಡ್ಡ ಮೂಟೆಗಳು. ಒಂದು ದಿನ ಅಂಡಿಗೆಗಳ ಸಂದಿಯಲ್ಲಿ ಕೈ ತೂರಿಸಿದ. ಒಳಗೆ ಬೆಚ್ಚಗಿತ್ತು. ಹೊಗೆ ಇಲ್ಲ, ವಾಸನೆಯೂ ಇಲ್ಲ. ಆದರೆ ಅವನು ಹತ್ತಿಯಲ್ಲೇ ಹುಟ್ಟಿ ಬೆಳೆದವನು. ಕಟ್ಟುವಾಗ ಎಲ್ಲಿಂದಲೋ ಒಂದು ಕಿಡಿ ಒಳಗೆ ಸೇರಿದೆ, ಅದು ಸದ್ದಿಲ್ಲದೆ ತಿನ್ನುತ್ತಿದೆ ಎಂದು ತಿಳಿದುಕೊಂಡ. ಅಂಡಿಗೆಗಳನ್ನು ಬಯಲಿಗೆ ಎಳೆದು ಬಿಚ್ಚಿದರೆ ಗಾಳಿ ತಾಗಿ ಹತ್ತಿಯಷ್ಟೇ ಸುಟ್ಟುಹೋಗುತ್ತದೆ, ಬೇರೆ ಏನೂ ಹೋಗುವುದಿಲ್ಲ. ಅದೂ ಅವನಿಗೆ ಗೊತ್ತಿತ್ತು. ಆದರೆ ಹತ್ತಿ ಅವನದು. ಮನಸ್ಸು ಬರಲಿಲ್ಲ.

ನಿದ್ದೆ ಹಾರಿಹೋಯಿತು. ಗಾಳಿ ಬೀಸಿದರೆ ಅಂಜಿಕೆ, ಗಾಳಿ ನಿಂತರೂ ಅಂಜಿಕೆ. ಉಣ್ಣುತ್ತ ಕೂತವನು ಎಂಜಲು ಕೈಯಲ್ಲೇ ಎದ್ದು ಹೋಗಿ ಉಗ್ರಾಣದ ಗೋಡೆ ಮುಟ್ಟಿ ನೋಡುತ್ತಿದ್ದ.

ಅಷ್ಟರಲ್ಲಿ ಊರಿಗೆ ಒಬ್ಬ ಗಾದಿ ಮಾಡುವವನು ಬಂದ. ಹೆಂಡತಿ, ಮಕ್ಕಳು ಜೊತೆಗಿದ್ದರು. ಅವನಿಗೆ ಹತ್ತಿಯೂ ಬೇಕಿತ್ತು, ತಲೆಯ ಮೇಲೊಂದು ಸೂರೂ ಬೇಕಿತ್ತು. ಉಗ್ರಾಣವನ್ನು ಹತ್ತಿಯ ಸಮೇತ ಕೊಳ್ಳುತ್ತೇನೆಂದ. ಇವನು ಒಂದೇ ಒಂದು ಪ್ರಶ್ನೆ ಕೇಳಿದರೂ ಇದ್ದದ್ದನ್ನು ಹೇಳಿಬಿಡುತ್ತೇನೆ ಎಂದು ವ್ಯಾಪಾರಿ ಮನಸ್ಸಿನಲ್ಲೇ ನಿಶ್ಚಯಿಸಿದ.

ಅವನು ಕೇಳಲಿಲ್ಲ. “ನಿಮ್ಮ ಹೆಸರು ಕೇಳಿ ಬಂದೇನ್ರಿ ಸಾವ್ಕಾರ್ರ. ಮತ್ತೇನು ಕೇಳೂದೈತಿ?” ಎಂದ.

ವ್ಯಾಪಾರಿ ನ್ಯಾಯವಾದ ಬೆಲೆಯನ್ನೇ ತೆಗೆದುಕೊಂಡ. ಒಂದು ಕಾಸೂ ಹೆಚ್ಚು ಮುಟ್ಟಲಿಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಚಳಿಗಾಲದ ದಿನ. ಸಂಜೆ ಆ ಸಂಸಾರ ಗಂಟುಮೂಟೆ ಇಳಿಸುತ್ತಿರುವಾಗ ವ್ಯಾಪಾರಿ ಬೀಗದ ಕೈ ಕೊಡಲು ಬಾಗಿಲಿಗೆ ಬಂದ. ಒಳಗೆ ಗಾದಿ ಮಾಡುವವನು ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಹೆಂಡತಿಯನ್ನು ಕರೆದು, “ಗ್ವಾಡಿ ಬೆಚ್ಚಗೈತಿ ನೋಡು. ಮಕ್ಕಳನ್ನ ಇದಕ್ಕ ಹಚ್ಚಿ ಮಲಗ್ಸು,” ಎಂದ.

ವ್ಯಾಪಾರಿ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟು ಮನೆಗೆ ಹೋದ. ಎಷ್ಟೋ ದಿನಗಳ ಮೇಲೆ ಅವನಿಗೆ ಗಡದ್ದಾಗಿ ನಿದ್ದೆ ಬಂತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು. ನೀಲಾಂಬಿಕೆ ಕಾದಳು. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

“ಆ ಮಕ್ಕಳು ಏನಾದವ್ರಿ ಸರ್?” ಎಂದಳು ಕಡೆಗೆ.

“ವ್ಯಾಪಾರಿ ಅಂಜಿಕಿ ಹೋತಲ್ಲವ್ವಾ,” ಎಂದರು ಮೇಷ್ಟ್ರು, “ನೀ ಕೇಳಿದ್ದು ಅಷ್ಟ.”