ಬೀಗರ ಒಗ್ಗರಣೆ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡೋಣ ಅಂದರೆ ಇದು ಒಂದು ಊರಲ್ಲ, ಎರಡು. ನಡುವೆ ಒಂದು ಹಳ್ಳ. ಹಳ್ಳ ಎಷ್ಟು ಕಿರಿದು ಅಂದರೆ ಈಚೆ ದಡದವನು ಮೈಮುರಿದರೆ ಆಚೆ ದಡದವನ ಪೇಟ ಬೀಳುತ್ತಿತ್ತು. ಆದರೂ ಎರಡು ರಾಜ್ಯ, ಎರಡು ಸಿಂಹಾಸನ. ಈಚೆಗೆ ಗತ್ತುರಾಜ, ಆಚೆಗೆ ಠೀವಿರಾಜ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ಬೆಳಗಾದರೆ ಮೀಸೆಗೆ ಬೆಣ್ಣೆ ಹಚ್ಚುವುದು, ಸಂಜೆಯಾದರೆ ಒರೆಸುವುದು.

ಒಂದು ದಿನ ಏನಾಯಿತಪ್ಪ ಅಂದರೆ, ಗತ್ತುರಾಜನ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರು. ಒಣಮೆಣಸಿನಕಾಯಿ ಚೂರು ಸೀದುಹೋಯಿತು. ಘಾಟು ಎದ್ದು ಹಳ್ಳ ದಾಟಿತು. ಆಚೆ ಠೀವಿರಾಜ ಮೀಸೆ ತಿರುವುತ್ತಾ ಕೂತಿದ್ದ. ಸೀನಿದ. ಮೀಸೆ ಒಂದು ಕಡೆ ಜೋತುಬಿತ್ತು. ಎಷ್ಟು ಬೆಣ್ಣೆ ಹಚ್ಚಿದರೂ ಮತ್ತೆ ಏಳಲಿಲ್ಲ.

ಮೀಸೆ ಬಿತ್ತು ಅಂದರೆ ರಾಜ್ಯವೇ ಬಿದ್ದ ಹಾಗೆ. ಠೀವಿರಾಜ ದೊಡ್ಡ ಬಾಣಲೆ ಇಡಿಸಿ ಒಂದು ಹಿಡಿ ಮೆಣಸಿನಕಾಯಿ ಹಾಕಿಸಿದ. ಈಚೆ ಗತ್ತುರಾಜನ ಮೀಸೆ ಎರಡೂ ಕಡೆ ಜೋತುಬಿತ್ತು. ಗತ್ತುರಾಜ ಇನ್ನೂ ದೊಡ್ಡ ಬಾಣಲೆ ಇಡಿಸಿದ. ಹಿಡಿಗೆ ಪ್ರತಿಯಾಗಿ ಮೊರ, ಮೊರಕ್ಕೆ ಪ್ರತಿಯಾಗಿ ಬುಟ್ಟಿ, ಬುಟ್ಟಿಗೆ ಪ್ರತಿಯಾಗಿ ಗಾಡಿ. ಕೊನೆಗೆ ಎರಡು ದಡದ ಮೇಲೂ ಕೆರೆಯಗಲದ ಬಾಣಲೆಗಳು ಕೂತವು. ರಾಜ್ಯದ ಎಣ್ಣೆಯೆಲ್ಲ ಬಾಣಲೆಯೊಳಗೆ. ರಾಜ್ಯದ ಮೆಣಸಿನಕಾಯಿಯೆಲ್ಲ ಅದರ ಮೇಲೆ ತೂಗುವ ಒಂದು ಮಹಾ ಬುಟ್ಟಿಯೊಳಗೆ. ಬುಟ್ಟಿಯ ಹಗ್ಗ ಬಾವಿಯ ರಾಟೆ ಹಾದು, ಬಾಣಲೆಯ ಅಂಚಿಗೇ ಬಾಗಿ ನಿಂತ ಒಬ್ಬ ಮನುಷ್ಯನ ಕೈಯೊಳಗೆ. ಕೈ ಬಿಟ್ಟರೆ ಬುಟ್ಟಿ ಬೀಳಬೇಕು.

ಪಂಡಿತರು ಬಂದು ನೋಡಿ ಗತ್ತುರಾಜನಿಗೆ ಹೇಳಿದರು. ಇದು ಬಿದ್ದರೆ ಆಚೆ ದಡದವರಿಗೆ ಸೀನಿ ಸೀನಿ ಜೀವವೇ ಮೂಗಿನಿಂದ ಹೊರಟುಹೋಗುತ್ತದೆ ಅಂತ. ಗತ್ತುರಾಜ ಖುಷಿಯಾಗಿ ಎದ್ದು ಕುಣಿದ. ಅವರಲ್ಲೇ ಒಬ್ಬ ಪಂಡಿತ ತಲೆ ಕೆರೆದುಕೊಂಡ. ಸೀನುವವನ ಕೈ ಸಡಿಲವಾಗುತ್ತದೆ, ಅಲ್ಲವೇ? ಅವರ ಹಗ್ಗ ಹಿಡಿದವನೂ ಸೀನುತ್ತಾನೆ. ಅವನ ಬುಟ್ಟಿಯೂ ಬೀಳುತ್ತದೆ. ಆಮೇಲೆ ನಾವು ಸೀನುತ್ತೇವೆ. ಅಲ್ಲಿಗೆ ಎರಡು ದಡದಲ್ಲೂ ಮೂಗು ಒರೆಸಿಕೊಳ್ಳುವುದಕ್ಕೂ ಒಬ್ಬರು ಉಳಿಯುವುದಿಲ್ಲ.

ಗತ್ತುರಾಜ ಕುಣಿಯುವುದನ್ನು ನಿಲ್ಲಿಸಿ ಕೂತ. ನಿಮ್ಮವನ ಕೈಯನ್ನು ಹಗ್ಗಕ್ಕೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಅಪಾಯ ಅಂತ ಆಚೆಗೆ ಹೇಳಿ ಕಳಿಸಿದ. ನೀವು ಮೊದಲು ಕಟ್ಟಿ ಅಂತ ಆಚೆಯಿಂದ ಮಾತು ಬಂತು. ಯಾರೂ ಕಟ್ಟಲಿಲ್ಲ.

ಈಚೆ ಹಗ್ಗ ಹಿಡಿದವನು ಓಬಳಯ್ಯ. ಅವನನ್ನೇ ಯಾಕೆ ಆರಿಸಿದರು ಅಂದರೆ, ಚಿಕ್ಕಂದಿನಲ್ಲಿ ಒಂದು ಕರುವಿನ ಹಗ್ಗ ಹಿಡಿದವನು ಅದು ಎತ್ತಾಗುವ ತನಕ ಬಿಟ್ಟಿರಲಿಲ್ಲ. ಆಚೆ ಹಗ್ಗ ಹಿಡಿದವನು ಸಿದ್ದಬೋರಯ್ಯ. ಅವನು ಬಾಯಿಗೆ ಬಂದ ಆಕಳಿಕೆಯನ್ನು ಒಂದು ಮಳೆಗಾಲ ಪೂರ್ತಿ ಹಿಡಿದಿಟ್ಟಿದ್ದವನು. ಇನ್ನೊಂದು ವಿಷಯ ಏನಪ್ಪ ಅಂದರೆ, ಇವರಿಬ್ಬರೂ ಬೀಗರು. ಮೀಸೆ ಬೀಳುವುದಕ್ಕೆ ಮೊದಲೇ ಓಬಳಯ್ಯನ ಮಗಳು ಪುಟ್ಟಗೌರಿಯನ್ನು ಸಿದ್ದಬೋರಯ್ಯನ ಮಗನಿಗೆ ಕೊಟ್ಟಾಗಿತ್ತು. ಈಗ ಅವಳು ತುಂಬು ಬಸುರಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕು. ಹಳ್ಳ ದಾಟುವ ಹಾಗಿಲ್ಲ. ದಿನಾ ನೀರಿಗೆ ಬರುತ್ತಾಳೆ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ, ಅಪ್ಪನ ಕಡೆ ನೋಡುತ್ತಾಳೆ. ಓಬಳಯ್ಯ ಅವಳ ಹೊಟ್ಟೆ ನೋಡುತ್ತಾನೆ, ತನ್ನ ಕೈ ನೋಡುತ್ತಾನೆ. ಅವನಿಗಿದ್ದ ಆಸೆ ಒಂದೇ. ಈ ಕೈ ಬಿಚ್ಚಿಕೊಳ್ಳುವುದಕ್ಕೆ ಮುಂಚೆ ಆ ಮಗು ನೆಲ ಮುಟ್ಟಲಿ, ಒಂದು ಸಲ ಅಳಲಿ.

ಎಣ್ಣೆ ಆರಬಾರದು. ಆರಿತು ಅಂದರೆ ಆಚೆಯವರು ಇದೇ ಸಮಯ ಅಂತ ಬುಟ್ಟಿ ಬಿಡುತ್ತಾರೆ. ಅದಕ್ಕೆ ಹಗಲೂ ರಾತ್ರಿ ಉರಿ. ಮೊದಲು ಮರ ಹೋಯಿತು. ಆಮೇಲೆ ಬಾಗಿಲು ಹೋದವು, ಮಂಚ ಹೋದವು, ಒನಕೆ ಹೋದವು. ಕಡೆಗೆ ತೊಟ್ಟಿಲೂ ಹೋಯಿತು. ಯಾರ ಮನೆಯ ಒಲೆಗೂ ಸೌದೆಯಿಲ್ಲ. ಎರಡು ದಡದವರೂ ನೆನೆಸಿದ ಅಕ್ಕಿ ತಿಂದುಕೊಂಡು, ಬಾಗಿಲಿಲ್ಲದ ಮನೆಯಲ್ಲಿ, ನೆಲದ ಮೇಲೆ ಮಲಗುತ್ತಿದ್ದರು.

ಆದರೆ ಬೀಗರ ಮುಂದೆ ಹಸಿದ ಹೊಟ್ಟೆ ತೋರಿಸಲಾದೀತೇ? ದಿನಾ ಮಧ್ಯಾಹ್ನ ಓಬಳಯ್ಯ ಹಗ್ಗ ಹಿಡಿದುಕೊಂಡೇ ಕೂಗುತ್ತಿದ್ದ.

"ಬೀಗರೇ, ಊಟ ಆಯ್ತಾ?"

"ಆಯ್ತು ಬೀಗರೇ. ನಿಮ್ದು?"

"ನಮ್ದೂ ಆಯ್ತು. ಕಜ್ಜಾಯ ಮಾಡಿದ್ರು. ತುಪ್ಪ ಜಾಸ್ತಿಯಾಗಿ ಅರ್ಧ ಬಿಟ್ಟೆ."

"ನಾವು ಹೋಳಿಗೇನ ಎತ್ತಿಗೆ ಹಾಕಿದ್ವಿ. ಮನುಷ್ಯರು ಎಷ್ಟು ಅಂತ ತಿಂತಾರೆ."

ಎರಡು ಹೊಟ್ಟೆಗಳೂ ಗುರ್ ಅನ್ನುತ್ತಿದ್ದವು. ಇಬ್ಬರೂ ಕೇಳಿಸದವರ ಹಾಗೆ ಆಕಾಶ ನೋಡುತ್ತಿದ್ದರು.

ಓಬಳಯ್ಯನ ಬಾಣಲೆ ಮಾತ್ರ ಎಲ್ಲ ಕೇಳಿಸಿಕೊಳ್ಳುತ್ತಿತ್ತು. ಅದಕ್ಕೂ ಮಾತು ಬರುತ್ತಿತ್ತು. ಗೊಗ್ಗರು ದನಿ. "ಹಾಕ್ತೀಯಾ?" ಅನ್ನುತ್ತಿತ್ತು. "ಒಗ್ಗರಣೆ ಹಾಕದೆ ಇರೋಕಾ ನನ್ನ ಕಾಯಿಸಿದ್ದು? ಹಾಕಿಬಿಡು. ಕೈ ನೋವು ಹೋಗುತ್ತೆ." ಅದು ನಿಜವಾಗಿ ಹೇಳುತ್ತಿತ್ತೋ, ಎಣ್ಣೆ ಕುದಿಯುವ ಸದ್ದೇ ಹಾಗಿತ್ತೋ, ಅವನಿಗೆ ಗೊತ್ತಾಗುತ್ತಿರಲಿಲ್ಲ. ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿಯುತ್ತಿದ್ದ.

ಈ ಎರಡು ದಡಕ್ಕೂ ಒಂದೇ ಒಂದು ಕಟ್ಟಳೆ ಇತ್ತು. ರಾಜರಿಗೂ ಅದೇ, ದನ ಕಾಯುವವನಿಗೂ ಅದೇ. ಬೀಗರನ್ನು ಊಟ ಆಯ್ತಾ ಅಂತ ಕೇಳಿದ ಮೇಲೆ ಉತ್ತರ ಬರುವ ತನಕ ಕೇಳಿದವನ ಕಡೆಯವರು ಬೇರೆ ಕೆಲಸಕ್ಕೆ ಕೈ ಹಾಕುವಂತಿಲ್ಲ. ಆಗಿಲ್ಲ ಅಂದರೋ, ಅವರು ಉಂಡು ಕೈ ತೊಳೆಯುವ ತನಕ ಇವರು ಒಂದು ಕಡ್ಡಿ ಎತ್ತಿ ಇಡುವಂತಿಲ್ಲ. ಊಟಕ್ಕೆ ಕರೆಸಿಕೊಂಡವರೂ ಉಂಡೇಳುವ ತನಕ ಕರೆದವರಿಗೆ ಕೇಡು ಮಾಡುವಂತಿಲ್ಲ. ಮೀರಿದವರ ಮನೆಗೆ ಹೆಣ್ಣು ಕೊಡುವವರಿಲ್ಲ, ಹೆಣ ಹೊರುವವರಿಲ್ಲ. ಆದರೆ ಆಗಿಲ್ಲ ಅಂತ ಈವರೆಗೆ ಯಾವ ಬೀಗನೂ ಅಂದಿರಲಿಲ್ಲ. ಮಾನ ಬಿಟ್ಟು ಯಾರು ಅಂದಾರು?

ಹೀಗಿರುವಾಗ ಒಂದು ಸುಡು ಮಧ್ಯಾಹ್ನ. ಗಾಳಿ ಇಲ್ಲ. ಪುಟ್ಟಗೌರಿ ಆಚೆ ದಡದಲ್ಲಿ ಕೊಡ ಇಳಿಸಿ, ಕೂತುಬಿಟ್ಟಿದ್ದಳು. ಓಬಳಯ್ಯನ ಕಣ್ಣು ಅವಳ ಮೇಲೇ ಇತ್ತು. ಆಗ ಆಚೆಯಿಂದ ಒಂದು ಸದ್ದು ಬಂತು.

ಚುಂಯ್.

ಅಷ್ಟೇ. ಚುಂಯ್. ಒಗ್ಗರಣೆಗೆ ಏನೋ ಬಿದ್ದಾಗ ಬರುವ ಸದ್ದು.

ಈಚೆ ದಡ ಕಲ್ಲಾಯಿತು. ಹೆಂಗಸರು ಮಕ್ಕಳ ಮೂಗಿಗೆ ಸೆರಗು ಒತ್ತಿದರು. ಗತ್ತುರಾಜ ಎರಡು ಕೈಯಲ್ಲೂ ಮೀಸೆ ಹಿಡಿದುಕೊಂಡು ಓಡಿ ಬಂದ.

"ಬಿಟ್ಟರು ಕಣೋ ಓಬಳಾ, ಅವರು ಬಿಟ್ಟರು. ನೀನೂ ಬಿಡು."

ಓಬಳಯ್ಯ ಮೂಗು ಮೇಲೆತ್ತಿದ. ಘಾಟಿಲ್ಲ. ಘಾಟಿಲ್ಲ ಬುದ್ಧೀ ಅಂದ. ಬರುತ್ತೆ, ದಾರಿಯಲ್ಲಿದೆ, ಅದು ಬಂದು ನೀನು ಸೀನಿದರೆ ನಿನ್ನ ಕೈಯಿಂದ ಹಗ್ಗ ತಾನಾಗಿ ಹೋಗುತ್ತೆ, ನಾನು ಅಪ್ಪಣೆ ಕೊಟ್ಟು ಬಿಡಿಸಿದೆ ಅಂತ ಆಗೋದಿಲ್ಲ, ಈಗಲೇ ಬಿಡು ಅಂತ ರಾಜ ಅವಸರ ಮಾಡಿದ. ರಾಜನಿಗೆ ಸಾಯುವುದಕ್ಕಿಂತ ತಾನು ಹೇಳದೆ ಸತ್ತರೆ ಅನ್ನೋ ಚಿಂತೆ ದೊಡ್ಡದಾಗಿತ್ತು.

"ಹಾಕು," ಅಂತು ಬಾಣಲೆ.

ಓಬಳಯ್ಯನ ಹಣೆಯ ಮೇಲೆ ಬೆವರು ಕೂಡಿಕೊಂಡಿತು. ಹುಬ್ಬಿಗೆ ಇಳಿಯಿತು. ಒರೆಸಿಕೊಳ್ಳೋಣ ಅಂದರೆ ಎರಡು ಕೈಯಲ್ಲೂ ಹಗ್ಗ. ಹುಬ್ಬಿನಿಂದ ಮೂಗಿನ ತುದಿಗೆ ಬಂತು. ಅಲ್ಲಿ ತೂಗಿತು. ಬಿತ್ತು.

ಚುಂಯ್.

ಆಗ ಅವನಿಗೆ ಹೊಳೆಯಿತು. ಆಚೆ ಬಿದ್ದದ್ದೂ ಇದೇ. ಬೀಗರ ಬೆವರು. ಆದರೆ ಈಗ ಹೊಳೆದು ಏನು ಬಂತು? ಇವನ ಬೆವರಿನ ಸದ್ದು ಆಚೆಗೂ ಕೇಳಿಸಿತ್ತು. ಆಚೆ ಠೀವಿರಾಜ ಓಡಿ ಬರುವುದು ಕಾಣಿಸಿತು. ಬಿಡು ಬಿಡು ಅಂತ ಸಿದ್ದಬೋರಯ್ಯನ ಬೆನ್ನಿಗೆ ಗುದ್ದುವುದು ಕಾಣಿಸಿತು. ಸಿದ್ದಬೋರಯ್ಯನ ಕೈಯ ಹಗ್ಗ ಗೇಣುದ್ದ ಜಾರಿತು. ಆಚೆ ಬುಟ್ಟಿ ಗೇಣುದ್ದ ಇಳಿಯಿತು. ಅದನ್ನು ನೋಡಿ ಓಬಳಯ್ಯನ ಬೆರಳು ಒಂದೊಂದೇ ಬಿಚ್ಚತೊಡಗಿದವು. ಅವನು ಬಿಚ್ಚಲಿಲ್ಲ, ಅವೇ ಬಿಚ್ಚಿಕೊಂಡವು. ಈಚೆ ಬುಟ್ಟಿಯೂ ಗೇಣುದ್ದ ಇಳಿಯಿತು.

ಇಬ್ಬರು ಬೀಗರೂ ಒಬ್ಬರನ್ನೊಬ್ಬರು ನೋಡಿದರು. ನಡುವೆ ಪುಟ್ಟಗೌರಿ ಕೂತಿದ್ದಳು.

ಬೀಗರ ಮುಖ ನೋಡಿದಾಗ ಬಾಯಿಗೆ ಏನು ಬರುತ್ತದೆ? ಅದೇ ಬಂತು. ಯೋಚಿಸಿ ಆಡಿದ ಮಾತಲ್ಲ, ಅಭ್ಯಾಸಕ್ಕೆ ಬಂದ ಮಾತು.

"ಬೀಗರೇ," ಅಂದ ಓಬಳಯ್ಯ, "ಊಟ ಆಯ್ತಾ?"

ಗತ್ತುರಾಜ ಬಾಯಿ ತೆರೆದವನು ಹಾಗೇ ನಿಂತ. "ಕೇಳಿಬಿಟ್ಟೆಯಾ?"

"ಕೇಳಿಬಿಟ್ಟೆ ಬುದ್ಧೀ."

"ಈಗಲೇ ಕೇಳಬೇಕಿತ್ತಾ ಮುಠ್ಠಾಳ?"

"ಬಾಯಿಗೆ ಬಂತು ಬುದ್ಧೀ."

ರಾಜ ತನ್ನ ಹಿಂದೆಯೇ ಓಡಿ ಬಂದಿದ್ದ ಮಂತ್ರಿಯ ಕಡೆ ತಿರುಗಿದ. ಕೇಳಿದ್ದು ಇವನು, ನಾನಲ್ಲವಲ್ಲ ಅಂದ. ರಾಜ್ಯದ ಹಗ್ಗ ಹಿಡಿದವನ ಬಾಯಿಯೂ ರಾಜ್ಯದ್ದೇ ಅಂದ ಮಂತ್ರಿ. ರಾಜ ತಲೆ ಮೇಲೆ ಕೈ ಹೊತ್ತು ಕೂತ.

ಉತ್ತರ ಬರಬೇಕಿತ್ತು. ಆಯ್ತು ಅಂತ ಬಂದರೆ ಎಲ್ಲ ಆದ ಹಾಗೆಯೇ. ದಿನಾ ಅದೇ ತಾನೇ ಬರುತ್ತಿದ್ದದ್ದು. ಓಬಳಯ್ಯ ಬೀಗರ ತುಟಿ ನೋಡಿದ. ಸಿದ್ದಬೋರಯ್ಯನ ತುಟಿ 'ಆ' ಅಂತ ತೆರೆಯಿತು. ಹಾಗೇ ನಿಂತಿತು. ಅವನು ಸೊಸೆಯ ಕಡೆ ನೋಡಿದ. ಪುಟ್ಟಗೌರಿ ಹಲ್ಲು ಕಚ್ಚಿ ಹೊಟ್ಟೆ ಹಿಡಿದುಕೊಂಡಿದ್ದಳು.

"ಇಲ್ಲ ಬೀಗರೇ," ಅಂದ ಸಿದ್ದಬೋರಯ್ಯ. ದನಿ ಹಳ್ಳ ದಾಟುವಷ್ಟು ಮಾತ್ರ ಇತ್ತು. "ಆಗಿಲ್ಲ. ಎತ್ತಿಗೆ ಹೋಳಿಗೆ ಹಾಕಿದ್ದೂ ಸುಳ್ಳು. ಎತ್ತೇ ಇಲ್ಲ."

ಮಾನ ಹೋಯಿತು. ಆಚೆ ದಡದಲ್ಲಿ ಠೀವಿರಾಜ ಮುಖ ಮುಚ್ಚಿಕೊಂಡ. ಆದರೆ ಮಾನ ಹೋದದ್ದು ಅವರದು, ಕೈ ಕಟ್ಟಿದ್ದು ಇವರದು. ಗತ್ತುರಾಜ ಎದ್ದು, ಮೀಸೆ ಸರಿಮಾಡಿಕೊಂಡು, ಬೇರೆ ದಾರಿ ಕಾಣದೆ ಕೈ ಮುಗಿದ. "ಹಾಗಾದರೆ ಬನ್ನಿ, ಊಟಕ್ಕೆ ಏಳಿ" ಅಂದ.

ಓಬಳಯ್ಯ ಹಗ್ಗ ಎಳೆದು ಬುಟ್ಟಿಯನ್ನು ಗೇಣುದ್ದ ಮೇಲೇರಿಸಿದ. ಆಚೆಯೂ ಗೇಣುದ್ದ ಮೇಲೆ ಹೋಯಿತು.

ಕರೆದ ಕೂಡಲೇ ಏಳುವವರು ಬೀಗರೇ ಅಲ್ಲ. ನೀವು ಮಾಡಿ, ನಾವು ಆಮೇಲೆ ಅಂದ ಠೀವಿರಾಜ. ಉಂಟೇ, ನೀವು ಮೊದಲು ಅಂದ ಗತ್ತುರಾಜ. ಅಡುಗೆ ಆಗಬೇಕಲ್ಲ, ಬೆಂಕಿ ಎಲ್ಲಿದೆ ಅಂತ ಯಾರೋ ಕೇಳಿದರು. ಬೆಂಕಿ ಇದ್ದದ್ದು ಬಾಣಲೆಯ ಕೆಳಗೆ ಮಾತ್ರ. ನೀವು ಮೊದಲು ಕೊಳ್ಳಿ ತೆಗೆಯಿರಿ. ಛೆ ಛೆ, ನೀವು ಮೊದಲು. ಅಲ್ಲೇ ಮಾತು ನಿಂತಿತು. ಅಲ್ಲೇ ಸುತ್ತಿತು.

ಪುಟ್ಟಗೌರಿ ಎದ್ದಳು. "ನೀವು ನೀವು ಅಂತಿರಿ. ನಂಗೆ ಹಸಿವು," ಅಂದಳು. ಮಾವನ ಬಾಣಲೆಯ ಕೆಳಗಿಂದ ಒಂದು ಕೊಳ್ಳಿ ಎಳೆದಳು. ಹಳ್ಳ ದಾಟಿ ಬಂದು ಅಪ್ಪನ ಬಾಣಲೆಯ ಕೆಳಗಿಂದ ಒಂದು ಎಳೆದಳು. ಯಾರೂ ತಡೆಯಲಿಲ್ಲ. ಅವಳು ಯಾವ ಕಡೆಯವಳು ಅಂತ ಪಂಡಿತರು ಇನ್ನೂ ಗುಣಿಸುತ್ತಿದ್ದರು. ಹೋಗುತ್ತಾ, "ಅಪ್ಪಾ, ಕೈ ಭದ್ರ" ಅಂದಳು. ಹಳ್ಳದ ನಡುವಿನ ಮರಳಿನ ಮೇಲೆ ಗಂಜಿ ಕಾಯಿಸಿದಳು, ಕುಡಿದಳು, ಅಲ್ಲೇ ಹೆತ್ತಳು. ಮಗು ನೆಲ ಮುಟ್ಟಿತು, ಅತ್ತಿತು. ಓಬಳಯ್ಯನೂ ಅತ್ತ. ಚುಂಯ್ ಚುಂಯ್ ಅಂತು. ಈ ಸಲ ಯಾರೂ ಬೆಚ್ಚಲಿಲ್ಲ.

ಬಾಣಲೆಗಳು ಇನ್ನೂ ಅಲ್ಲೇ ಇವೆ. ಒಂದೊಂದು ಕೊಳ್ಳಿ ಕಡಿಮೆ, ಅಷ್ಟೇ. "ಹಾಕ್ತೀಯಾ?" ಅಂತ ಈಗಲೂ ಕೇಳುತ್ತವೆ. ಓಬಳಯ್ಯ ಇನ್ನೂ ಹಗ್ಗ ಹಿಡಿದೇ ಇದ್ದಾನೆ, ಅವನ ಬೀಗರೂ ಹಿಡಿದೇ ಇದ್ದಾರೆ. ರಾಜರು ಇನ್ನೂ ನೀವು ಮೊದಲು, ನೀವು ಮೊದಲು ಅನ್ನುತ್ತಲೇ ಇದ್ದಾರೆ. ಲೋಕ ನಿಂತಿರುವುದು ಆದಿಶೇಷನ ಹೆಡೆಯ ಮೇಲೆ ಅಂತ ನಿಮಗೆ ಯಾರೋ ಹೇಳಿರಬಹುದು. ಅಲ್ಲ. ಬಡಿಸದೇ ಇರುವ ಒಂದು ಊಟದ ಮೇಲೆ ನಿಂತಿದೆ.

ಅವರ ಬುಟ್ಟಿ ಮೇಲೇ ಇರಲಿ, ನಮ್ಮ ಕತೆ ಕೆಳಗಿಳಿಯಲಿ. ಅಂದ ಹಾಗೆ, ನಿಮ್ಮದು ಊಟ ಆಯ್ತಾ?

ತಡೀರಿ. ಥಟ್ಟನೆ ಹೇಳಬೇಡಿ.