ಕೆನ್ನೆ ಊರಿದ ಜಾಗ

ಕೊಡಗಿನ ಒಂದು ಊರಿನಲ್ಲಿ ವಾಸು ಆಚಾರಿ ಅಂತ ಒಬ್ಬ ಬಡಗಿ. ಬಾಗಿಲು, ಕಿಟಕಿ ಮಾಡಿ ಮಾಡಿ ಅವನಿಗೆ ಬೇಸರ ಬಂದಿತ್ತು. ಸಂಜೆ ಹೊತ್ತು ಹಳೇ ಕೋವಿಗಳ ಮರದ ಹಿಡಿ ಉಜ್ಜಿ ಪಾಲಿಶ್ ಮಾಡಿಕೊಡುವ ಕೆಲಸ ಶುರುಮಾಡೋಣ ಅಂದುಕೊಂಡ. ಅಲ್ಲಿ ಮನೆಮನೆಗೂ ಕೋವಿ ಉಂಟು; ಕೈಲ್ ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ.

ಹೆಂಡತಿ ನಕ್ಕಳು. "ಪಟಾಕಿ ಹೊಡೆದರೆ ಮಂಚದಡಿ ಸೇರುವವರು ನೀವು. ಕೋವಿ ಕೆಲಸ ಮಾಡ್ತೀರಾ?"

"ಗುಂಡು ಹಾರುವ ನಳಿಗೆ ಅವರ ಮನೆಯಲ್ಲೇ ಇರಲಿ ಮಾರಾಯ್ತಿ. ನನಗೆ ಮರ ಸಾಕು."

ಹಬ್ಬ ಹತ್ತಿರ ಬಂದಾಗ ನಾಚಪ್ಪ ಅನ್ನುವವನು ತೀರಿಹೋದ ತಂದೆಯ ಕೋವಿಯಿಂದ ಹಿಡಿ ಬಿಚ್ಚಿ ತಂದುಕೊಟ್ಟ.

"ಆಚಾರಿ, ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯಬೇಕು. ಚೆನ್ನಾಗಿ ಬಂದರೆ ನಮ್ಮ ಒಕ್ಕದ ಅಣ್ಣತಮ್ಮಂದಿರ ಎಲ್ಲ ಮನೆಯ ಕೋವಿಯೂ ನಿನಗೇ."

ವಾಸು ಹಿಡಿಯನ್ನು ತಿರುಗಿಸಿ ನೋಡಿದ. ಗುರಿ ಹಿಡಿಯುವಾಗ ಕೆನ್ನೆ ಊರುವ ಕಡೆ ಮರ ಸವೆದು, ಬೆವರು ಕುಡಿದು ಕಪ್ಪಾಗಿತ್ತು. ಈ ಜಾಗ ಒಂದನ್ನು ಹೀಗೇ ಬಿಡಲಾ ಅಂತ ಕೇಳಬೇಕು ಅನ್ನಿಸಿತು. ಕೇಳಿದರೆ, ಕೆಲಸ ಬಾರದವನು ಅಂದುಕೊಂಡಾರು. ಮೊದಲ ಕೆಲಸ ಬೇರೆ. ಬಾಯಿ ಮುಚ್ಚಿಕೊಂಡು ಉಪ್ಪುಕಾಗದ ಹಿಡಿದು ಉಜ್ಜಿದ. ಕಪ್ಪು ಹೋಯಿತು. ಪಾಲಿಶ್ ಬಿದ್ದ ಮೇಲೆ ಹಿಡಿ ಕನ್ನಡಿಯಾಯಿತು.

ನಾಚಪ್ಪ ತಾಯಿ ಚೋಂದವ್ವನನ್ನೂ ಕರೆದುಕೊಂಡು ಬಂದ. "ಶಹಭಾಸ್ ಆಚಾರಿ!" ಅಂದ.

ಚೋಂದವ್ವ ಹಿಡಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಸ್ವಲ್ಪ ಜರುಗಿಸಿ ಮತ್ತೆ ಒತ್ತಿದರು, ಏನನ್ನೋ ಹುಡುಕುವ ಹಾಗೆ.

"ಅವರ ಕೆನ್ನೆ ಇಲ್ಲಿತ್ತು," ಅಂದರು ಮಗನ ಕಡೆ ತಿರುಗಿ. "ನೀನು ತೋಟಕ್ಕೆ ಹೋದ ಮೇಲೆ ಗೋಡೆಯಿಂದ ಕೋವಿ ಇಳಿಸಿ ಹೀಗೆ ಇಟ್ಟುಕೊಳ್ತಿದ್ದೆ."

"ನನಗೆ ಒಂದು ಮಾತು ಹೇಳಬಾರದಾ ಅವ್ವಾ?"

"ಇದನ್ನೆಲ್ಲ ಮಗನ ಹತ್ತಿರ ಹೇಳ್ತಾರೇನೋ ಯಾರಾದರೂ?"

ವಾಸು ಬಣ್ಣದ ಡಬ್ಬಿಗೆ ಕೈ ಹಾಕಿದ. "ಅಲ್ಲಿಗೆ ಕಪ್ಪು ಬಣ್ಣ ಹಾಕಿಕೊಡ್ತೇನೆ ಅವ್ವಾ."

"ಬಣ್ಣ ಬೇಡ. ಉಜ್ಜಿದ ಪುಡಿ ಎಲ್ಲಿ, ಆಚಾರಿ?"

"ಗುಡಿಸಿ ಅಂಗಳಕ್ಕೆ ಚೆಲ್ಲಿದೆ."

ಚೋಂದವ್ವ ಅಂಗಳಕ್ಕೆ ಇಳಿದರು. ಬೆಳಗಿನಿಂದ ಗಾಳಿ ಬೀಸಿತ್ತು. ಅಲ್ಲಿ ಏನೂ ಇರಲಿಲ್ಲ. ಆದರೂ ಅವರು ನೆಲ ನೋಡುತ್ತ ಬಹಳ ಹೊತ್ತು ನಿಂತೇ ಇದ್ದರು. ಕರೆಯುವ ಧೈರ್ಯ ಮಗನಿಗೂ ಬರಲಿಲ್ಲ, ಬಡಗಿಗೂ ಬರಲಿಲ್ಲ.

ನೀತಿ: ಹಳೆಯದನ್ನು ಉಜ್ಜುವ ಮೊದಲು ಕೇಳಿ. ನಮ್ಮ ಕಣ್ಣಿಗೆ ಕೊಳೆ ಅನ್ನಿಸಿದ್ದು ಇನ್ನೊಬ್ಬರ ಪಾಲಿಗೆ ಉಳಿದಿರುವ ಒಂದೇ ಗುರುತಾಗಿರಬಹುದು. ಒಂದು ಮಾತು ಕೇಳಲು ನಾಚಿ ಕಳೆದದ್ದನ್ನು ಎಂಥ ಕೈಗೆಲಸವೂ ತಿರುಗಿ ತಂದುಕೊಡಲಾರದು.